ಇನ್ನೂರಕ್ಕೆ ಎಷ್ಟು ಅಂಕ?

ಫುಟ್‌ಬಾಲ್ ಕಾಲಿನ ಆಟ. ಆದರೆ ಕಳೆದ ನಾಲ್ಕು ದಶಕಗಳಿಂದ ಅದನ್ನು ಕಾಲು ಅಲ್ಲಾಡಿಸದೆ, ಕಂಪ್ಯೂಟರಿನ ಮುಂದೆ ಕುಳಿತು ಆಡುವ ದೊಡ್ಡದೊಂದು ಬಳಗ ಬೆಳೆದುಬಂದಿದೆ. ಈ ಬಳಗದವರು ಚೆಂಡನ್ನು ಒದೆಯುವುದಿಲ್ಲ, ಒದೆಯುವವರನ್ನು ಆರಿಸುತ್ತಾರೆ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರಿಗೆ ಎಷ್ಟು ಸಂಬಳ, ಯಾವ ಹುಡುಗನಿಗೆ ಯಾವ ತರಬೇತಿ ಎಂಬ ಲೆಕ್ಕಾಚಾರವೇ ಅವರ ಆಟ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಮ್ಯಾನೇಜರ್ ಎಂದರೆ ನಮ್ಮ ಬ್ಯಾಂಕಿನ ಮ್ಯಾನೇಜರರಂತೆ ಕಡತಕ್ಕೆ ಸಹಿ ಹಾಕುವವನಲ್ಲ. ತಂಡದ ಗುರು, ಯಜಮಾನ, ವ್ಯಾಪಾರಿ ಎಲ್ಲವೂ ಅವನೇ. ಗೆದ್ದರೆ ಹಾರ, ನಾಲ್ಕು ಪಂದ್ಯ ಸತತವಾಗಿ ಸೋತರೆ ಮನೆಗೆ ದಾರಿ. ಆ ಕುರ್ಚಿಯಲ್ಲಿ ತಾನೊಮ್ಮೆ ಕೂರಬೇಕು ಎಂಬ ಆಸೆ ಅಲ್ಲಿನ ಪ್ರತಿಯೊಬ್ಬ ಅಭಿಮಾನಿಗೂ ಇರುತ್ತದೆ. ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಪ್ರತಿ ಕಟ್ಟೆಯ ಮೇಲೂ ಒಂದೊಂದು ಆಯ್ಕೆ ಸಮಿತಿ ನಡೆಯುವುದಿಲ್ಲವೇ, ಹಾಗೆ.

ಈ ಆಸೆಯನ್ನು ಮೊದಲು ವ್ಯಾಪಾರವಾಗಿಸಿದವರು ಕೆವಿನ್ ಟಾಮ್ಸ್. ಅವರ ‘ಫುಟ್‌ಬಾಲ್ ಮ್ಯಾನೇಜರ್’ 1982ರಲ್ಲಿ ಬಂತು. ಆ ಕಾಲದ ಪುಟ್ಟ ಮನೆಕಂಪ್ಯೂಟರುಗಳಿಗೆ ಹಿಡಿಸುವಷ್ಟೇ ಸರಳವಾದ ಆಟ ಅದು. ನಿಜವಾದ ತಿರುವು ಬಂದದ್ದು ಹತ್ತು ವರ್ಷಗಳ ಅನಂತರ. ಪಾಲ್ ಮತ್ತು ಆಲಿವರ್ ಕೋಲಿಯರ್ ಎಂಬ ಅಣ್ಣತಮ್ಮಂದಿರು ಶ್ರಾಪ್‌ಷೈರಿನ ತಮ್ಮ ಮನೆಯ ಕೋಣೆಯಲ್ಲಿ ಕುಳಿತು ಬರೆದ ‘ಚಾಂಪಿಯನ್‌ಷಿಪ್ ಮ್ಯಾನೇಜರ್’ 1992ರಲ್ಲಿ ಹೊರಬಂತು. 1994ರಲ್ಲಿ ಅವರು ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ ಎಂಬ ಕಂಪೆನಿ ಕಟ್ಟಿದರು. ಪ್ರಕಾಶಕರೊಡನೆ 2003ರಲ್ಲಿ ಬೇರೆಯಾದಾಗ ಆಟದ ಹೆಸರು ಪ್ರಕಾಶಕರ ಪಾಲಿಗೆ ಹೋಯಿತು, ಆಟದ ಒಳಗಿನ ಯಂತ್ರ ಮತ್ತು ಆಟಗಾರರ ಮಾಹಿತಿಯ ಕಣಜ ಅಣ್ಣತಮ್ಮಂದಿರ ಬಳಿ ಉಳಿಯಿತು. 2004ರಿಂದ ಆ ಆಟವೇ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹಳೆಯ ಹೆಸರನ್ನು ಹೊತ್ತು ಬರುತ್ತಿದೆ. ನಡುವೆ ಒಂದು ವರ್ಷ ತಪ್ಪಿತು. ಹೊಸ ಯಂತ್ರಕ್ಕೆ ಆಟವನ್ನು ಒಗ್ಗಿಸಲಾರದೆ 2025ರ ಆವೃತ್ತಿಯನ್ನೇ ಅವರು ಕೈಬಿಟ್ಟರು. ಮುಂದಿನದು ಅದೇ ವರ್ಷದ ನವೆಂಬರಿನಲ್ಲಿ ಬಂತು, ಮಹಿಳೆಯರ ಫುಟ್‌ಬಾಲನ್ನೂ ಮೊದಲ ಬಾರಿಗೆ ಜೊತೆಗೆ ಕರೆದುಕೊಂಡು.

ಇಷ್ಟು ಹೇಳಿದ್ದು ಪೀಠಿಕೆಗಾಗಿ. ನಾನಿಲ್ಲಿ ಹೇಳಹೊರಟಿರುವುದು ಈ ಆಟದೊಳಗಿನ ಒಂದೇ ಒಂದು ಅಂಶದ ಬಗ್ಗೆ: ಹದಿನೈದು ಹದಿನಾರರ ಹುಡುಗರನ್ನು ಬೆಳೆಸುವುದು. ಈ ಆಟಕ್ಕೆ ಮರುಳಾದವರನ್ನು ಕೇಳಿ ನೋಡಿ. ಕೋಟಿಗಟ್ಟಲೆ ಸುರಿದು ತಂದ ಪ್ರಸಿದ್ಧ ಆಟಗಾರನ ಕತೆಯನ್ನು ಅವರು ಹೇಳುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಬಂದು, ಎರಡು ವರ್ಷ ಸಣ್ಣ ತಂಡಗಳಲ್ಲಿ ಎರವಲು ಆಡಿ, ಇಪ್ಪತ್ತೆರಡಕ್ಕೆ ನಾಯಕನಾದ ಹುಡುಗನ ಕತೆಯನ್ನು ಮಾತ್ರ ಕಣ್ಣರಳಿಸಿ ಹೇಳುತ್ತಾರೆ. ಆ ಹುಡುಗ ಇರುವುದು ಅವರ ಕಂಪ್ಯೂಟರಿನಲ್ಲಿ ಮಾತ್ರ ಎಂಬುದು ಬೇರೆ ಮಾತು.

ಪುನರ್ಜನ್ಮದ ಲೆಕ್ಕ

ಆಟ ಶುರುವಾಗುವಾಗ ಅದರಲ್ಲಿರುವವರೆಲ್ಲ ನಿಜವಾದ ಆಟಗಾರರು. ಆದರೆ ಆಟದೊಳಗೆ ವರ್ಷಗಳು ಓಡುತ್ತವೆ. ವಾರಾಂತ್ಯವೊಂದರಲ್ಲಿ ಒಂದು ಋತು ಮುಗಿಸುವವರಿದ್ದಾರೆ, ಹೀಗೆ ಮೂವತ್ತು ನಲವತ್ತು ‘ವರ್ಷ’ ಆಡುವವರೂ ಇದ್ದಾರೆ. ನಿಜವಾದ ಆಟಗಾರರು ಮುದುಕರಾಗಿ ನಿವೃತ್ತರಾದರೆ ಮೈದಾನ ಬರಿದಾಗಬಾರದಲ್ಲ? ಆದ್ದರಿಂದ ಹೊಸಬರನ್ನು ಕಂಪ್ಯೂಟರೇ ಹುಟ್ಟಿಸಬೇಕು. ಹಳೆಯ ಆವೃತ್ತಿಗಳಲ್ಲಿ ಇದಕ್ಕೊಂದು ಸುಲಭೋಪಾಯವಿತ್ತು. ನಿವೃತ್ತನಾದ ಆಟಗಾರನೇ ಬೇರೆ ಹೆಸರಿನಲ್ಲಿ, ಹೆಚ್ಚುಕಡಿಮೆ ಅವೇ ಗುಣಗಳನ್ನು ಹೊತ್ತು ಎಳೆಯನಾಗಿ ಮತ್ತೆ ಹುಟ್ಟುತ್ತಿದ್ದ. ಪುನರ್ಜನ್ಮ ಎಂಬ ನಮ್ಮ ಕಲ್ಪನೆಯನ್ನು ಆಂಗ್ಲ ಯುವಕರು ತಮಗರಿವಿಲ್ಲದೆಯೇ ಅಳವಡಿಸಿಕೊಂಡಿದ್ದರು ಎನ್ನಬಹುದು, ಕರ್ಮಫಲದ ಸಮೇತ! ಅಂಥವರಿಗೆ ‘ರೀಜೆನ್’ ಎಂಬ ಹೆಸರು ಬಿದ್ದದ್ದು ಇದರಿಂದಲೇ. ಈಗ ಹಾಗಿಲ್ಲ. ಪ್ರತಿ ದೇಶಕ್ಕೂ ವರ್ಷಕ್ಕೊಮ್ಮೆ ಒಂದು ಗೊತ್ತಾದ ಕಾಲದಲ್ಲಿ ಎಲ್ಲ ಕ್ಲಬ್ಬುಗಳಿಗೂ ಹೊಸ ಹುಡುಗರ ಒಂದು ತಂಡ ಬಂದು ಸೇರುತ್ತದೆ. ಇವರು ‘ನ್ಯೂಜೆನ್’ಗಳು. ಶಾಲೆಗೆ ಹೊಸ ಮಕ್ಕಳು ಸೇರುವ ಜೂನ್ ತಿಂಗಳಿನಂತೆ ಆ ದಿನಕ್ಕಾಗಿ ಆಡುವವರು ಕಾಯುತ್ತಾರೆ.

ಬರುವ ಹುಡುಗರ ಗುಣಮಟ್ಟ ಹಲವು ಸಂಗತಿಗಳನ್ನು ಅವಲಂಬಿಸಿದೆ. ದೇಶಕ್ಕೊಂದು ಅಂಕಿ ಇದೆ. ಬ್ರೆಜಿಲ್ಲಿಗೆ ಎತ್ತರದ್ದು, ಭಾರತಕ್ಕೆ ಅದಕ್ಕಿಂತ ಬಹಳ ಕೆಳಗಿನದು. ಕ್ಲಬ್ಬಿನ ಮೈದಾನ ಮತ್ತು ಸವಲತ್ತು, ಕಿರಿಯರಿಗೆ ಕಲಿಸುವ ತರಬೇತುದಾರರ ಮಟ್ಟ, ಹುಡುಗರನ್ನು ಹುಡುಕಲು ಕ್ಲಬ್ಬು ಎಷ್ಟು ದೂರ ಬಲೆ ಬೀಸುತ್ತದೆ ಎಂಬುದು, ಈ ಮೂರಕ್ಕೂ ಬೇರೆ ಬೇರೆ ಅಂಕಿಗಳಿವೆ. ಕಿರಿಯರ ವಿಭಾಗದ ಮುಖ್ಯಸ್ಥನಿಗೂ ಪ್ರಭಾವವಿದೆ. ಅವನು ಶಿಸ್ತಿನ ಮನುಷ್ಯನಾದರೆ ಬರುವ ಹುಡುಗರಲ್ಲೂ ಶಿಸ್ತಿನವರು ಹೆಚ್ಚು. ಮೇಷ್ಟರಂತೆ ಮಕ್ಕಳು.

ಇನ್ನು ಹುಡುಗನ ಒಳಗೆ ಇಣುಕೋಣ. ಓಟ, ಜಿಗಿತ, ಚೆಂಡು ಕೊಡುವ ಕುಶಲತೆ, ಗುರಿ, ಧೈರ್ಯ, ಛಲ ಹೀಗೆ ಹತ್ತಾರು ಗುಣಗಳಿಗೆ 1ರಿಂದ 20ರ ವರೆಗೆ ಅಂಕಗಳು. ಇವು ನಮ್ಮ ಕಣ್ಣಿಗೆ ಕಾಣುತ್ತವೆ. ಕಾಣದಿರುವ ಇನ್ನೊಂದಿಷ್ಟು ಗುಣಗಳಿವೆ: ವೃತ್ತಿನಿಷ್ಠೆ, ಮಹತ್ವಾಕಾಂಕ್ಷೆ, ಒತ್ತಡ ತಾಳುವ ಶಕ್ತಿ, ಪದೇ ಪದೇ ಗಾಯಗೊಳ್ಳುವ ಸ್ವಭಾವ, ಹೊಸ ಊರಿಗೆ ಒಗ್ಗುವ ಗುಣ. ಇವೆಲ್ಲದರ ಹಿಂದೆ ಎರಡು ದೊಡ್ಡ ಅಂಕಿಗಳು ನಿಂತಿವೆ, ಎರಡೂ ಇನ್ನೂರಕ್ಕೆ. ಒಂದು ಹುಡುಗನ ಸದ್ಯದ ಸಾಮರ್ಥ್ಯ. ಇನ್ನೊಂದು ಸುಪ್ತ ಸಾಮರ್ಥ್ಯ, ಎಂದರೆ ಎಲ್ಲವೂ ಕೂಡಿಬಂದರೆ ಅವನು ಏರಬಹುದಾದ ಗರಿಷ್ಠ ಎತ್ತರ. ಸದ್ಯದ ಸಾಮರ್ಥ್ಯವನ್ನು ಕೈಯಲ್ಲಿರುವ ಹಣ ಎಂದುಕೊಳ್ಳಿ. ಕಾಣುವ ಗುಣಗಳು ಆ ಹಣದಿಂದ ಕೊಂಡ ಸಾಮಾನುಗಳು. ರಕ್ಷಣೆಯವನಿಗೆ ಚೆಂಡು ಕಸಿಯುವ ಗುಣ ದುಬಾರಿ, ಮುಂಪಡೆಯವನಿಗೆ ಗೋಲು ಹೊಡೆಯುವ ಗುಣ ದುಬಾರಿ. ಹುಡುಗ ಬೆಳೆದಂತೆ ಹಣ ಹೆಚ್ಚುತ್ತದೆ, ಸಾಮಾನು ಸೇರುತ್ತದೆ. ಆದರೆ ಸುಪ್ತ ಸಾಮರ್ಥ್ಯದ ಅಂಕಿಯನ್ನು ಮಾತ್ರ ಅದು ಎಂದೂ ದಾಟುವಂತಿಲ್ಲ.

ಈ ಎರಡನೆಯ ಅಂಕಿಯೇ ನನ್ನ ಲೇಖನದ ಕೇಂದ್ರ. ಹುಡುಗ ಆಟದಲ್ಲಿ ಕಾಣಿಸಿಕೊಂಡ ಗಳಿಗೆಯಲ್ಲೇ ಅದು ನಿಗದಿಯಾಗುತ್ತದೆ, ಆಮೇಲೆ ಬದಲಾಗುವುದಿಲ್ಲ. ಹುಟ್ಟಿದ ಆರನೆಯ ದಿನ ಬ್ರಹ್ಮ ಬಂದು ಹಣೆಯಲ್ಲಿ ಬರೆದುಹೋಗುತ್ತಾನೆ ಎಂದು ನಮ್ಮ ಹಿರಿಯರು ತೊಟ್ಟಿಲ ಬಳಿ ಲೆಕ್ಕಣಿಕೆ ಇಡುತ್ತಿದ್ದರಲ್ಲ, ಅದೇ ಇದು. ನೂರಹತ್ತು ಎಂದು ಬರೆದಿದ್ದರೆ ಎಷ್ಟೇ ಬೆವರು ಸುರಿಸಲಿ, ನೂರಹತ್ತೇ.

ಬೆಳೆಸುವ ಬಗೆ

ಹಾಗಾದರೆ ಆಡುವವನು ಮಾಡುವುದೇನು? ಅಂಕಿಯನ್ನು ಮುಟ್ಟಿಸುವುದು. ಇದು ಸಣ್ಣ ಕೆಲಸವಲ್ಲ. ಹಣೆಯಲ್ಲಿ ನೂರೆಂಬತ್ತು ಬರೆದಿರುವ ಹುಡುಗನೂ ನೂರಮೂವತ್ತಕ್ಕೆ ನಿಂತುಹೋಗಬಹುದು. ನಿಲ್ಲುವವರೇ ಹೆಚ್ಚು.

ಪಳಗಿದವರು ಮೊದಲು ನೋಡುವುದು ಕಾಲಿನ ಕುಶಲತೆಯನ್ನಲ್ಲ, ಸ್ವಭಾವವನ್ನು. ವೃತ್ತಿನಿಷ್ಠೆ ಮತ್ತು ಛಲ ಇಲ್ಲದ ಹುಡುಗನಿಗೆ ಎಂಥ ಮೈದಾನ ಕೊಟ್ಟರೂ ಬೆಳವಣಿಗೆ ಕುಂಟುತ್ತದೆ. ಸ್ವಭಾವವನ್ನು ಎಳವೆಯಲ್ಲಿ ಅಷ್ಟಿಷ್ಟು ತಿದ್ದಬಹುದು. ಒಳ್ಳೆಯ ನಡತೆಯ ಹಿರಿಯ ಆಟಗಾರನೊಬ್ಬನ ಜೊತೆ ಎರಡು ಮೂರು ಹುಡುಗರನ್ನು ಒಂದು ಗುಂಪಾಗಿ ಬಿಟ್ಟರೆ ನಿಧಾನವಾಗಿ ಅವನ ಗುಣ ಇವರಿಗೂ ಹತ್ತುತ್ತದೆ. 2018ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಈ ಗುಂಪಿನ ಪದ್ಧತಿ ಇದೆ. ಅದಕ್ಕೂ ಮೊದಲು ಒಬ್ಬ ಹಿರಿಯನಿಗೆ ಒಬ್ಬ ಕಿರಿಯನನ್ನು ಗಂಟುಹಾಕುತ್ತಿದ್ದರು. ‘ಮಲ್ಲಿಗೆಯ ಸಂಗದಿಂದ ನಾರೂ ಪರಿಮಳಿಸಿತು’ ಎಂಬಂತೆ. ಆದರೆ ಸಂಗದೋಷವೂ ಉಂಟು, ಸೋಮಾರಿ ಹಿರಿಯನ ಜೊತೆ ಬಿಟ್ಟರೆ ಹುಡುಗ ಕೆಡುತ್ತಾನೆ.

ಎರಡನೆಯದು ವಯಸ್ಸಿಗೆ ತಕ್ಕ ಆಹಾರ. ಹದಿನೆಂಟರ ಕೆಳಗೆ ಮುಖ್ಯವಾದದ್ದು ತರಬೇತಿ ಮತ್ತು ಸವಲತ್ತು. ಆಮೇಲೆ ಮುಖ್ಯವಾದದ್ದು ಪಂದ್ಯ. ಹತ್ತೊಂಬತ್ತರ ಹುಡುಗನನ್ನು ದೊಡ್ಡ ತಂಡದ ಬೆಂಚಿನ ಮೇಲೆ ಕೂರಿಸಿ ವರ್ಷವಿಡೀ ಚಪ್ಪಾಳೆ ತಟ್ಟಿಸುವುದಕ್ಕಿಂತ, ಅವನ ಮಟ್ಟಕ್ಕೆ ತಕ್ಕ ಸಣ್ಣ ಕ್ಲಬ್ಬಿಗೆ ಎರವಲು ಕೊಟ್ಟು ಪ್ರತಿ ವಾರ ಆಡಿಸುವುದು ಲೇಸು. ತೀರ ಕೆಳಗಿನ ಮಟ್ಟಕ್ಕೆ ಕಳಿಸಿದರೂ ಪ್ರಯೋಜನವಿಲ್ಲ, ತೀರ ಮೇಲಿನದಕ್ಕೆ ಕಳಿಸಿದರೆ ಅಲ್ಲೂ ಬೆಂಚೇ ಗತಿ. ಇದು ಆಟದ ಲೆಕ್ಕ ಮಾತ್ರವಲ್ಲ. ಇಂಗ್ಲೆಂಡಿನ ನಾಯಕ ಹ್ಯಾರಿ ಕೇನ್ ಟಾಟನ್‌ಹ್ಯಾಮ್ ತಂಡದಲ್ಲಿ ನೆಲೆಯೂರುವ ಮೊದಲು ಲೇಟನ್ ಓರಿಯಂಟ್, ಮಿಲ್ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಮನೆಗಳ ಅನ್ನ ಉಂಡವರು.

ಮೂರನೆಯದು ತಾಳ್ಮೆ. ಅಕಾಡೆಮಿಗೆ ಇಂದು ಸುರಿದ ಹಣದ ಫಲ ಕಾಣುವುದು ಆಟದೊಳಗಿನ ಐದಾರು ವರ್ಷಗಳ ಮೇಲೆ. ತೆಂಗಿನ ಸಸಿ ನೆಟ್ಟವನ ಲೆಕ್ಕ. ಅಷ್ಟರೊಳಗೆ ಆಡಳಿತ ಮಂಡಳಿ ಮ್ಯಾನೇಜರನನ್ನೇ ಓಡಿಸಿದರೆ ಎಳನೀರು ಮುಂದಿನವನಿಗೆ.

ಹಣೆಬರಹವನ್ನು ಆಡುವವನಿಗೆ ತೋರಿಸುವುದಿಲ್ಲ ಎಂಬುದು ಈ ಆಟದ ಒಂದು ಜಾಣತನ. ಅವನಿಗೆ ಕಾಣುವುದು ತನ್ನ ತರಬೇತುದಾರರು ಮತ್ತು ಶೋಧಕರು ಕೊಡುವ ನಕ್ಷತ್ರಗಳು ಮಾತ್ರ. ಶೋಧಕನಿಗೂ ಕಣ್ಣಿನ ಚುರುಕಿಗೆ ಅಂಕವಿದೆ. ಮಂದದೃಷ್ಟಿಯವನು ಗಾಜನ್ನು ವಜ್ರವೆನ್ನುತ್ತಾನೆ. ನಕ್ಷತ್ರಗಳು ನಿಮ್ಮ ತಂಡಕ್ಕೆ ಹೋಲಿಸಿ ಕೊಟ್ಟವು ಬೇರೆ. ಸಣ್ಣ ಊರಿನ ತಂಡದಲ್ಲಿ ಐದು ನಕ್ಷತ್ರ ಪಡೆದವನು ಮ್ಯಾಡ್ರಿಡ್‌ನಲ್ಲಿ ಒಂದಕ್ಕೂ ಯೋಗ್ಯನಲ್ಲ. ಹೀಗೆ ಅನಿಶ್ಚಯದ ಒಂದು ಮಂಜು ಕವಿದಿರುತ್ತದೆ, ಅದೇ ಚೆಂದ. ಆದರೆ ಮನುಷ್ಯ ಸುಮ್ಮನಿರುವ ಪ್ರಾಣಿಯೇ? ಆಟದ ಮಾಹಿತಿಯ ಕಣಜವನ್ನು ತೆರೆದು ಅಂಕಿಗಳನ್ನು ನೇರವಾಗಿ ಓದುವ ಉಪಕರಣಗಳು ಬಂದವು. ಯಾವ ಹುಡುಗನ ಹಣೆಯಲ್ಲಿ ಏನಿದೆ ಎಂಬ ಪಟ್ಟಿಗಳು ಪ್ರತಿವರ್ಷ ಹೊರಡುತ್ತವೆ. ಆಮೇಲೆ ನೂರಹತ್ತರ ಹುಡುಗನನ್ನು ಬೆಳೆಸಲು ಯಾರಿಗೆ ಮನಸ್ಸು ಬರುತ್ತದೆ? ಜಾತಕ ನೋಡಿ ಮಗುವನ್ನು ಶಾಲೆಗೆ ಸೇರಿಸುವ ತಂದೆಯಂತಾಗುತ್ತಾನೆ ಆಡುವವನು.

ನಿಜವಾದ ಹುಡುಗರು

ಕಂಪ್ಯೂಟರು ಹುಟ್ಟಿಸಿದ ಹುಡುಗರ ಹಣೆಯಲ್ಲಿ ಏನು ಬರೆದರೂ ಯಾರಿಗೂ ನಷ್ಟವಿಲ್ಲ. ಆದರೆ ನಿಜವಾದ ಹುಡುಗರೂ ಈ ಕಣಜದಲ್ಲಿದ್ದಾರೆ. ಅವರ ಅಂಕಿಗಳನ್ನು ಬರೆಯುವವರು ಜಗತ್ತಿನಾದ್ಯಂತ ಹರಡಿರುವ ಸಾವಿರಕ್ಕೂ ಹೆಚ್ಚು ಮಂದಿ ಮಾಹಿತಿಗಾರರು. ಇವರಲ್ಲಿ ಹೆಚ್ಚಿನವರು ಆಯಾ ಕ್ಲಬ್ಬಿನ ಅಭಿಮಾನಿಗಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿ ಕೆಲವೊಮ್ಮೆ ಕೆಲಸ ಮಾಡುತ್ತದೆ. 2001ರ ಆವೃತ್ತಿಯಲ್ಲಿ ಪೋರ್ಚುಗಲ್ಲಿನ ಸಣ್ಣ ಕ್ಲಬ್ಬೊಂದರಲ್ಲಿ ಟೊ ಮದೇರಾ ಎಂಬ ಅದ್ಭುತ ಆಟಗಾರನಿದ್ದ. ಆಡಿದವರೆಲ್ಲ ಅವನನ್ನು ಕೊಂಡರು, ಅವನು ಗೋಲುಗಳ ಮಳೆ ಸುರಿಸಿದ. ಕೊನೆಗೆ ನೋಡಿದರೆ ಅಂಥವನೊಬ್ಬ ಭೂಮಿಯ ಮೇಲೆ ಇರಲೇ ಇಲ್ಲ! ಅಲ್ಲಿನ ಮಾಹಿತಿಗಾರನೇ ಸೃಷ್ಟಿಸಿ ಸೇರಿಸಿದ್ದ. ಇದು ನಗುವ ಕತೆ.

ಅದೇ ಆವೃತ್ತಿಯಲ್ಲಿ ಚೆರ್ನೊ ಸಾಂಬಾ ಎಂಬ ಹುಡುಗನೂ ಇದ್ದ. ಇವನು ನಿಜವಾದವನು. ಗ್ಯಾಂಬಿಯಾದಲ್ಲಿ 1985ರಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು, ಲಂಡನ್ನಿನ ಮಿಲ್ವಾಲ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡುತ್ತಿದ್ದವನು. ಆಟದೊಳಗೆ ಅವನನ್ನು ತಡೆಯುವವರೇ ಇರಲಿಲ್ಲ. ಹೊರಗೆ ಲಿವರ್‌ಪೂಲಿಗೆ ಹೋಗುವ ಮಾತು ನಡೆದು ಮುರಿದುಬಿತ್ತು. ಮಿಲ್ವಾಲಿನ ಹಿರಿಯರ ತಂಡಕ್ಕೆ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ಸ್ಪೇನ್, ಪ್ಲಿಮತ್, ಫಿನ್ಲೆಂಡ್, ಗ್ರೀಸ್, ನಾರ್ವೆ ಎಂದು ಸುತ್ತಿ, ಮೂವತ್ತರ ಆಸುಪಾಸಿನಲ್ಲೇ ಬೂಟು ಕಳಚಿಟ್ಟ. ಟೊಂಟೊನ್ ಝೋಲಾ ಮೊಕೊಕೊ ಇನ್ನೊಬ್ಬ. ಕಿನ್ಶಾಸಾದಲ್ಲಿ ಹುಟ್ಟಿ, ಸ್ವೀಡನ್ನಿನಲ್ಲಿ ಬೆಳೆದು, ಡರ್ಬಿ ಕೌಂಟಿಗೆ ಬಂದ ಹುಡುಗ. ತನ್ನನ್ನು ಸಾಕಿದ ಅಣ್ಣ ತೀರಿಕೊಂಡ ಮೇಲೆ ಅವನ ಮನಸ್ಸು ಆಟದಲ್ಲಿ ನಿಲ್ಲಲಿಲ್ಲ. ಡರ್ಬಿಯ ಹಿರಿಯರ ತಂಡದಲ್ಲಿ ಆಡದೆಯೇ ಹಿಂದಿರುಗಿದ. ಎಷ್ಟೋ ವರ್ಷಗಳ ಮೇಲೂ ಜಗತ್ತಿನ ಮೂಲೆಮೂಲೆಯ ಅಪರಿಚಿತರು ‘ನೀನು ನನ್ನ ತಂಡಕ್ಕೆ ಕಪ್ ಗೆದ್ದುಕೊಟ್ಟೆ’ ಎಂದು ಅವನಿಗೆ ಬರೆಯುತ್ತಿದ್ದರು. ಅಣ್ಣ ಸಾಯುವುದಕ್ಕೆ ಆಟದಲ್ಲಿ ಅಂಕವಿರಲಿಲ್ಲ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲೇ, ಅಲ್ಲಿನ ವೃತ್ತಿಪರ ಲೀಗಿನಲ್ಲಿ ಆಡಿದವನು. ಮುಂದಿನ ಪೆಲೆ ಎಂದು ಜಗತ್ತೇ ಹೇಳಿತ್ತು, ಆಟದ ಅಂಕಿಗಳು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅವನ ದಾರಿಯೂ ಊರೂರು ಅಲೆಯುವುದರಲ್ಲೇ ಮುಗಿಯಿತು.

ಆಟವೇ ಇವರನ್ನು ಕೆಡಿಸಿತು ಎಂದು ಹೇಳಲಾಗದು. ಅಂಕಿ ಬರೆದವನು ಕಂಡದ್ದನ್ನು ಬರೆದ. ಆದರೆ ಈ ಕಣಜ ಬರಿಯ ಆಟದ ಸಾಮಾನಾಗಿ ಉಳಿದಿಲ್ಲ. 2008ರಲ್ಲಿ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು ಆಟಗಾರರನ್ನು ಹುಡುಕಲು ಈ ಮಾಹಿತಿಯನ್ನು ಬಳಸುವ ಒಪ್ಪಂದ ಮಾಡಿಕೊಂಡಿತು. ಫ್ರಾನ್ಸಿನ ರಾಂಸ್ ತಂಡಕ್ಕೆ 2022ರಲ್ಲಿ ತರಬೇತುದಾರನಾದ ವಿಲ್ ಸ್ಟಿಲ್ ಎಂಬ ಮೂವತ್ತರ ಯುವಕ, ತಾನು ಚಿಕ್ಕಂದಿನಿಂದ ಈ ಆಟ ಆಡಿಕೊಂಡೇ ಬೆಳೆದವನು ಎಂದು ಹೇಳಿದ್ದ. ಅವನ ಬಳಿ ಬೇಕಾದ ಪ್ರಮಾಣಪತ್ರವಿಲ್ಲವೆಂದು ಕ್ಲಬ್ಬು ಪಂದ್ಯಕ್ಕೆ 25,000 ಯೂರೋ ದಂಡ ತೆರುತ್ತಿತ್ತು, ಆದರೂ ಅವನನ್ನು ಬಿಡಲಿಲ್ಲ. ಒಂದು ಪೀಳಿಗೆಯ ಅಭಿಮಾನಿಗಳು, ಪತ್ರಕರ್ತರು, ತರಬೇತುದಾರರು ಹುಡುಗರನ್ನು ನೋಡುವ ದೃಷ್ಟಿಯನ್ನೇ ಈ ಆಟ ರೂಪಿಸಿದೆ. ಹದಿನೇಳರ ಹುಡುಗನಿಗೆ ಇಷ್ಟೇ ಎತ್ತರ ಎಂದು ಒಂದು ಅಂಕಿ ಇರುತ್ತದೆ, ಬುದ್ಧಿವಂತರಿಗೆ ಅದು ಕಾಣುತ್ತದೆ ಎಂಬ ನಂಬಿಕೆ ಆ ದೃಷ್ಟಿಯ ಒಂದು ಭಾಗ. ಅಪಾಯ ಇರುವುದು ಇಲ್ಲಿ.

ಏಕೆಂದರೆ ಆ ನಂಬಿಕೆ ಸುಳ್ಳು. ಜೇಮಿ ವಾರ್ಡಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು ಕುಳ್ಳನೆಂದು ಕಳಿಸಿಬಿಟ್ಟಿತು. ಆತ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ವಾರಕ್ಕೆ 30 ಪೌಂಡಿಗೆ ಸ್ಟಾಕ್ಸ್‌ಬ್ರಿಜ್ ಎಂಬ ಊರಿನ ತಂಡದಲ್ಲಿ ಆಡುತ್ತಿದ್ದ. ಲೆಸ್ಟರ್ ಸೇರಿದ್ದು 2012ರಲ್ಲಿ, ಇಪ್ಪತ್ತೈದು ವರ್ಷವಾದ ಮೇಲೆ. 2016ರಲ್ಲಿ ಆ ತಂಡ ಇಂಗ್ಲೆಂಡಿನ ಚಾಂಪಿಯನ್ ಆದಾಗ ಮುಂಪಡೆಯಲ್ಲಿದ್ದವನು ಅವನೇ. ಅದೇ ತಂಡದ ಎನ್‌ಗೊಲೊ ಕಾಂಟೆ ಫ್ರಾನ್ಸಿನ ಮೂರನೆಯ ದರ್ಜೆಯಲ್ಲಿ ಆಡಿ ಬಂದವನು, ಎರಡು ವರ್ಷಗಳಲ್ಲಿ ವಿಶ್ವಕಪ್ ಎತ್ತಿದ. ಇಯಾನ್ ರೈಟ್ ವೃತ್ತಿಪರ ಒಪ್ಪಂದಕ್ಕೆ ಮೊದಲ ಸಹಿ ಹಾಕಿದ್ದು 1985ರಲ್ಲಿ, ಇಪ್ಪತ್ತೆರಡರ ಹೊಸ್ತಿಲಲ್ಲಿ. ಇನ್ನು ನಮ್ಮ ಊರಿನ ಮಾತನ್ನೇ ತೆಗೆದುಕೊಂಡರೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲು ಹೊಡೆದ ಬೆಂಗಳೂರಿನ ಎಸ್. ರಾಮನ್ ಅವರ ಕಾಲದಲ್ಲಿ ಅಕಾಡೆಮಿ ಎಂಬ ಶಬ್ದವೇ ನಮ್ಮ ಮೈದಾನಗಳಿಗೆ ಬಂದಿರಲಿಲ್ಲ. ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಸವಲತ್ತಿನ ಅಂಕಿಯಿಂದ ಹುಡುಗರನ್ನು ಹುಟ್ಟಿಸುವ ಯಂತ್ರಕ್ಕೆ ಅಂಥವರು ದಕ್ಕುವುದು ಕಷ್ಟ.

ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ವಾರ್ಡಿಯಂಥ ನಿಜವಾದ ಆಟಗಾರನ ಹಣೆಬರಹವನ್ನು ಮಾಹಿತಿಗಾರರು ಪ್ರತಿ ವರ್ಷದ ಆವೃತ್ತಿಗೂ ತಿದ್ದುತ್ತಾರೆ. ಕಳೆದ ವರ್ಷ ನೂರಿಪ್ಪತ್ತು ಇದ್ದದ್ದು ಈ ವರ್ಷ ನೂರೈವತ್ತಾಗಬಹುದು. ಎಂದರೆ ಆಟ ಕಟ್ಟುವವರಿಗೇ ಈ ಅಂಕಿ ಸ್ಥಿರವಲ್ಲವೆಂದು ಗೊತ್ತು! ಎಳೆಯ ಹುಡುಗರ ಬಗ್ಗೆ ಖಚಿತವಿಲ್ಲದಿದ್ದರೆ ಅವರು ಒಂದೇ ಅಂಕಿ ಕೊಡದೆ ಒಂದು ವ್ಯಾಪ್ತಿ ಕೊಡುವುದೂ ಉಂಟು. ‘ಋಣ ಒಂಬತ್ತು’ ಎಂದು ಗುರುತು ಹಾಕಿದರೆ 150ರಿಂದ 180ರೊಳಗೆ, ‘ಋಣ ಹತ್ತು’ ಎಂದರೆ 170ರಿಂದ 200ರೊಳಗೆ ಎಂದರ್ಥ. ಪ್ರತಿ ಬಾರಿ ಹೊಸ ಆಟ ಶುರುಮಾಡಿದಾಗ ಆ ವ್ಯಾಪ್ತಿಯೊಳಗೆ ಚೀಟಿ ಎತ್ತಿ ಒಂದು ಅಂಕಿ ನಿಲ್ಲಿಸಲಾಗುತ್ತದೆ. ಆದರೆ ಆಟ ಶುರುವಾದ ಮೇಲೆ ಬಾಗಿಲು ಮುಚ್ಚಿತು. ಈಚಿನ ಆವೃತ್ತಿಗಳಲ್ಲಿ ದೇಶದ ಅಂಕಿ ಕೂಡ ವರ್ಷಗಳು ಕಳೆದಂತೆ ಏರಿಳಿಯಬಲ್ಲದು. ಭಾರತದ ಭಾಗ್ಯ ಬದಲಾಗಬಹುದು, ಭಾರತದ ಒಬ್ಬ ಹುಡುಗನದು ಬದಲಾಗದು.

ಹಾಗಿದ್ದರೆ ಮಿತಿಯನ್ನೇ ತೆಗೆದುಹಾಕಬಾರದೇಕೆ? ಇದಕ್ಕೆ ಆಟ ಕಟ್ಟುವವರ ಕಡೆಯಿಂದ ತೂಕವಾದ ಉತ್ತರವಿದೆ. ಮಿತಿ ಇಲ್ಲದಿದ್ದರೆ ಒಳ್ಳೆಯ ಮೈದಾನ, ಒಳ್ಳೆಯ ಗುರು ಇರುವ ಶ್ರೀಮಂತ ಕ್ಲಬ್ಬುಗಳಲ್ಲಿ ಎಲ್ಲ ಹುಡುಗರೂ ಮೆಸ್ಸಿಗಳಾಗುತ್ತಾರೆ. ಇಪ್ಪತ್ತು ವರ್ಷ ಆಡುವಷ್ಟರಲ್ಲಿ ಜಗತ್ತಿನ ತುಂಬ ನೂರೆಂಬತ್ತರವರೇ ತುಂಬಿ, ನೂರೆಂಬತ್ತಕ್ಕೆ ಬೆಲೆಯೇ ಇರುವುದಿಲ್ಲ. ನೋಟು ಅಚ್ಚುಹಾಕಿ ಹಂಚಿದಂತೆ. ಪ್ರತಿಭೆ ವಿರಳವಾಗಿದ್ದರೇ ಆಟಕ್ಕೆ ರುಚಿ. ಇದು ನಿಜ. ಇನ್ನೊಂದು ಬಗೆಯ ಆಟವಾದ ‘ಫಿಫಾ’ 2019ರಲ್ಲಿ ಬಂದ ಆವೃತ್ತಿಯಲ್ಲಿ, ಚೆನ್ನಾಗಿ ಆಡಿದ ಹುಡುಗನ ಮಿತಿ ಏರುವಂತೆ ಮಾಡಿತು. ನನಗೆ ಅದು ಒಪ್ಪುವ ದಾರಿಯಂತೆ ಕಂಡರೂ ಪೂರ್ತಿ ಉತ್ತರವಲ್ಲ. ನಾವೇ ಆಡಿಸುವ ತಂಡದ ಹುಡುಗನಿಗೆ ಸುಲಭವಾಗಿ ಗೋಲು ಹೊಡೆಸಬಹುದು, ಅವನ ಮಿತಿ ಏರುತ್ತದೆ, ಮತ್ತೆ ಹೊಡೆಯುತ್ತಾನೆ. ಗಾಣದ ಎತ್ತಿನಂತೆ ಸುತ್ತುವ ಲೆಕ್ಕ.

ನನ್ನ ಅಭಿಪ್ರಾಯದಲ್ಲಿ ಮಾಡಬೇಕಾದದ್ದು ಮಿತಿಯನ್ನು ತೆಗೆಯುವುದಲ್ಲ, ತಡವಾಗಿ ಗಟ್ಟಿಯಾಗುವಂತೆ ಮಾಡುವುದು. ಕುಂಬಾರ ಹಸಿ ಮಡಕೆಯನ್ನು ಒಲೆಗಿಡುವ ತನಕ ಆಕಾರ ತಿದ್ದುತ್ತಾನಲ್ಲ, ಹಾಗೆ. ಹದಿನೈದರ ಹುಡುಗನಿಗೆ ಅಗಲವಾದ ವ್ಯಾಪ್ತಿ ಇರಲಿ, ತೊಂಬತ್ತರಿಂದ ನೂರೆಪ್ಪತ್ತು ಎನ್ನಿ. ಅವನು ಆಡಿದ ಪಂದ್ಯ, ಪಟ್ಟ ಗಾಯ, ಸಿಕ್ಕ ಗುರು, ಕಳೆದುಕೊಂಡ ಅಣ್ಣ ಇವುಗಳಿಂದ ಆ ವ್ಯಾಪ್ತಿ ಕಿರಿದಾಗುತ್ತ ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಒಂದು ಕಡೆ ನಿಲ್ಲಲಿ. ಬೆಲೆಯಿಳಿತದ ಭಯಕ್ಕೂ ಉಪಾಯವಿದೆ. ಒಂದು ಪೀಳಿಗೆಯ ಹುಡುಗರೆಲ್ಲರ ಒಟ್ಟು ಮೊತ್ತವನ್ನು ಕೆರೆಯ ನೀರಿನಂತೆ ಒಂದೇ ಮಟ್ಟದಲ್ಲಿ ಕಾಯ್ದುಕೊಂಡರಾಯಿತು. ಒಬ್ಬ ನಿರೀಕ್ಷೆ ಮೀರಿ ಏರಿದರೆ ಎಲ್ಲೋ ಇನ್ನೊಬ್ಬ ಇಳಿಯುತ್ತಾನೆ. ನಿಜ ಜೀವನದಲ್ಲೂ ತಂಡದಲ್ಲಿ ಹನ್ನೊಂದೇ ಜಾಗ. ಹೀಗೆ ಮಾಡಿದರೆ ಕಣಜವನ್ನು ಒಡೆದು ನೋಡುವವರಿಗೂ ಕಾಣುವುದು ವ್ಯಾಪ್ತಿ ಮಾತ್ರ. ಬ್ರಹ್ಮನೇ ಇನ್ನೂ ಬರೆದು ಮುಗಿಸಿಲ್ಲವೆಂದ ಮೇಲೆ ಕದ್ದು ಓದುವುದೇನನ್ನು?

ಇನ್ನೂ ಒಂದು ಸಂಗತಿ ಸೇರಬೇಕು, ಅದು ದೇಹದ ಗಡಿಯಾರ. ಒಂದೇ ತರಗತಿಯ ಹದಿಮೂರರ ಇಬ್ಬರು ಹುಡುಗರನ್ನು ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಮಗು. ಇಂಗ್ಲೆಂಡಿನಲ್ಲಿ ವಯೋಗುಂಪಿನ ಲೆಕ್ಕ ಸೆಪ್ಟೆಂಬರ್ 1ಕ್ಕೆ ಶುರು. ಸೆಪ್ಟೆಂಬರಿನಲ್ಲಿ ಹುಟ್ಟಿದವನು ಅದೇ ಗುಂಪಿನ ಆಗಸ್ಟಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಆದ್ದರಿಂದ ಅಲ್ಲಿನ ಅಕಾಡೆಮಿಗಳಲ್ಲಿ ಶರತ್ಕಾಲದಲ್ಲಿ ಹುಟ್ಟಿದವರ ಸಂಖ್ಯೆ ಯಾವಾಗಲೂ ಹೆಚ್ಚು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ಇದನ್ನು ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿಕೊಟ್ಟಿದ್ದರು. ಆಯ್ಕೆಗಾರ ಪ್ರತಿಭೆ ಎಂದು ಭಾವಿಸಿದ್ದು ಎಷ್ಟೋ ಸಲ ಬರಿಯ ಹುಟ್ಟಿದ ತಿಂಗಳು! ಬೆಲ್ಜಿಯಂ ಫುಟ್‌ಬಾಲ್ ಸಂಸ್ಥೆ ತಡವಾಗಿ ಮೈಬೆಳೆಯುವ ಹುಡುಗರಿಗೆಂದೇ ಬೇರೆ ತಂಡಗಳನ್ನು ಕಟ್ಟಿ ಅವರಿಗೂ ಅಂತರರಾಷ್ಟ್ರೀಯ ಪಂದ್ಯ ಆಡಿಸಿತು. ಇಂಗ್ಲೆಂಡಿನಲ್ಲಿ 2010ರ ದಶಕದ ನಡುವೆ, ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗಗಳು ನಡೆದವು. ಆಟದಲ್ಲಿ ಪ್ರತಿ ಹುಡುಗನ ಹುಟ್ಟಿದ ದಿನಾಂಕ ಹೇಗೂ ಇದೆ. ಹದಿನಾರರಲ್ಲಿ ಬಡಕಲಾಗಿದ್ದು ಹತ್ತೊಂಬತ್ತರಲ್ಲಿ ತಟ್ಟನೆ ಅರ್ಧ ಅಡಿ ಬೆಳೆಯುವ ಹುಡುಗನನ್ನು ಗುರುತಿಸಿ ಕಾಯುವುದು, ನಕ್ಷತ್ರ ಎಣಿಸುವುದಕ್ಕಿಂತ ಎಷ್ಟೋ ರುಚಿಯಾದ ಆಟವಾದೀತು.

ಕೊನೆಯದಾಗಿ ಬಿಡುಗಡೆಯ ಮಾತು. ಪ್ರತಿವರ್ಷ ಬರುವ ಹುಡುಗರಲ್ಲಿ ಒಬ್ಬಿಬ್ಬರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಬೇಕಾಗುತ್ತದೆ. ಆಟದಲ್ಲಿ ಅದು ಒಂದು ಗುಂಡಿ ಒತ್ತುವ ಕೆಲಸ. ಯಾರೂ ಕೊಳ್ಳದ ಹುಡುಗ ಕೆಲಕಾಲ ಪಟ್ಟಿಯಲ್ಲಿ ತೇಲಿ, ಆಮೇಲೆ ಇಪ್ಪತ್ತು ತುಂಬುವ ಮೊದಲೇ ‘ನಿವೃತ್ತ’ನಾಗುವುದುಂಟು. ಹೊರಗಿನ ಜಗತ್ತಿನಲ್ಲೂ ಲೆಕ್ಕ ಹೆಚ್ಚು ಬೇರೆಯಲ್ಲ. ಇಂಗ್ಲೆಂಡಿನ ಅಕಾಡೆಮಿಗಳನ್ನು 2012ರಲ್ಲಿ ನಾಲ್ಕು ದರ್ಜೆಗಳಾಗಿ ವಿಂಗಡಿಸಿ ಭಾರಿ ಹಣ ಸುರಿದ ಮೇಲೂ, ಎಂಟೊಂಬತ್ತು ವರ್ಷಕ್ಕೇ ಸೇರಿದ ಮಕ್ಕಳಲ್ಲಿ ಬಹುಪಾಲು ಮಂದಿ ಹದಿನೆಂಟರೊಳಗೆ ಹೊರಬೀಳುತ್ತಾರೆ. ಅಷ್ಟು ವರ್ಷ ಚೆಂಡನ್ನು ಬಿಟ್ಟು ಬೇರೇನನ್ನೂ ಕಾಣದವರು. ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬು 2022ರಲ್ಲಿ ಹೊಸ ಏರ್ಪಾಡು ಮಾಡಿತು. ತಾನು ಕಳಿಸಿಬಿಟ್ಟ ಯುವಕರನ್ನು ಮೂರು ವರ್ಷಗಳ ಕಾಲ ವಿಚಾರಿಸಿಕೊಂಡು, ಓದಿಗೆ, ಉದ್ಯೋಗಕ್ಕೆ, ಇನ್ನೊಂದು ತಂಡಕ್ಕೆ ದಾರಿ ಮಾಡಿಕೊಡುವುದು ಅದರ ಉದ್ದೇಶ. ಆಟದೊಳಗೆ ಇಂಥದೊಂದು ಖರ್ಚಿನ ಬಾಬತ್ತು ಸೇರಿಸಿದರೆ ಮ್ಯಾನೇಜರನ ಬೊಕ್ಕಸದಿಂದ ವರ್ಷಕ್ಕಿಷ್ಟು ಹೋಗುತ್ತದೆ, ಕಪ್ಪೇನೂ ಬರುವುದಿಲ್ಲ. ಬದಲಿಗೆ, ಆರು ವರ್ಷಗಳ ಮೇಲೆ ಒಂದು ದಿನ, ಎದುರು ತಂಡದ ಪಟ್ಟಿಯಲ್ಲಿ ಪರಿಚಿತವಾದ ಒಂದು ಹೆಸರು ಕಾಣಿಸಬಹುದು.